ಹೊಳೆ ಇಳಿಸಿದ ಹೊರೆ

ಗಾಜುವಾಕದಿಂದ ವಿಶಾಖಪಟ್ಟಣದ ಪೇಟೆಗೆ ಹೋಗಿಬರುವ ನಾವೆಲ್ಲರೂ ಬಂದರಿನ ಹಡಗುಗಳನ್ನು ಕಂಡವರೇ. ಅವು ನಿರಾತಂಕವಾಗಿ ಒಳಬರುವುದನ್ನು ನೋಡಿದರೆ, ಅಲ್ಲಿ ನೀರು ತಾನಾಗಿಯೇ ಆಳವಾಗಿದೆಯೆಂದು ತೋರುತ್ತದೆ. ವಾಸ್ತವ ಹಾಗಿಲ್ಲ. ಈ ತೀರದ ಅಲೆಗಳು ವರ್ಷದ ಬಹುಭಾಗ ಮರಳನ್ನು ದಕ್ಷಿಣದಿಂದ ಉತ್ತರಕ್ಕೆ ತಳ್ಳುತ್ತಿರುತ್ತವೆ. ಆದ್ದರಿಂದ 1933ರಲ್ಲಿ ತೆರೆದ ಈ ಬಂದರಿನಲ್ಲಿ ಹೂಳೆತ್ತುವ ಕೆಲಸಕ್ಕೆ ಕೊನೆಯೆಂಬುದಿಲ್ಲ. ಎತ್ತಿದ ಮರಳನ್ನು ನಗರದ ಕಡಲದಂಡೆಗೆ ಹಾಯಿಸಿ, ದಂಡೆ ಸವೆಯದಂತೆ ಕಾಯುವುದೂ ಉಂಟು.

ಓಡುವ ನೀರು ಹೊರೆ ಹೊರುತ್ತದೆ. ನಿಂತ ನೀರು ಇಳಿಸುತ್ತದೆ. ದಪ್ಪ ಮರಳು ಮೊದಲು, ನುಣ್ಣನೆಯ ಮಣ್ಣು ಆಮೇಲೆ. ದೂರದ ಅಲಾಸ್ಕದಲ್ಲಿ ಹಿಮನದಿಗಳು ಹಿಂದೆ ಸರಿದ ಕಣಿವೆಗಳಿಗೆ ಕಡಲು ನುಗ್ಗಿದೆ. ಕರಗಿದ ಹಿಮದ ನೀರು ತರುವ ಮರಳೂ ಕಲ್ಲಿನ ಹಿಟ್ಟೂ ಅಲ್ಲಿ ತಳದಲ್ಲಿ ಪದರ ಪದರವಾಗಿ ಕೂಡುತ್ತಿವೆ.

ನಮ್ಮ ತುಂಗಭದ್ರೆಯ ಜಲಾಶಯದಲ್ಲಿ ಆಗಿರುವುದೂ ಇದೇ. 1953ರಲ್ಲಿ ಹೊಸಪೇಟೆಯ ಬಳಿ ನೀರು ನಿಲ್ಲಿಸಿದಾಗ ಅದರ ಹಿಡಿತ ಸುಮಾರು 133 ಟಿ.ಎಂ.ಸಿ. ಎಂದು ಲೆಕ್ಕ, ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. ಈಗ ಉಳಿದಿರುವುದು ಸುಮಾರು 105. ಐದರಲ್ಲಿ ಒಂದು ಪಾಲಿನಷ್ಟು ಜಾಗವನ್ನು ಹೂಳು ನುಂಗಿದೆ. ರಾಯಚೂರು, ಕೊಪ್ಪಳ, ಬಳ್ಳಾರಿಯ ಹೊಲಗಳಿಗೂ ಆಂಧ್ರದ ಅನಂತಪುರ, ಕರ್ನೂಲುಗಳಿಗೂ ಇದರಿಂದ ನಷ್ಟವೇ.

ಇತ್ತ ಇದೇ ಮಣ್ಣಿಗಾಗಿ ಬಾಯಿಬಿಡುವ ನೆಲವೂ ಇದೆ. ತುಂಗಭದ್ರೆ ಕೃಷ್ಣೆಯನ್ನು ಸೇರಿ, ಶ್ರೀಶೈಲ, ನಾಗಾರ್ಜುನಸಾಗರಗಳನ್ನು ದಾಟಿ ವಿಜಯವಾಡಕ್ಕೆ ಬರುವ ಹೊತ್ತಿಗೆ ಹೊರೆಯ ಬಹುಪಾಲು ಅಣೆಕಟ್ಟುಗಳ ಹಿಂದೆಯೇ ಇಳಿದಿರುತ್ತದೆ. ನದಿ ತಂದ ಮಣ್ಣಿನಿಂದಲೇ ಬೆಳೆದ ಕೃಷ್ಣಾ ಮುಖಜಭೂಮಿಯ ಅಂಚನ್ನು ಕಡಲು ಅಲ್ಲಲ್ಲಿ ಕೊರೆಯುತ್ತಿದೆ.

ಹಳ್ಳಿಯ ಹಿರಿಯರು ಬೇಸಗೆಯಲ್ಲಿ ಕೆರೆಯ ಗೋಡನ್ನು ಗಾಡಿ ಹೂಡಿ ಹೊಲಕ್ಕೆ ಸಾಗಿಸುತ್ತಿದ್ದರು. ಕೆರೆಗೆ ಆಳ, ಹೊಲಕ್ಕೆ ಗೊಬ್ಬರ. 2017ರಲ್ಲಿ ತುಂಗಭದ್ರೆಯ ರೈತರು ತಾವೇ ಮುಂದಾಗಿ ಹೂಳೆತ್ತಲು ತೊಡಗಿದ್ದು ಇದೇ ಜಾಣ್ಮೆಯಿಂದ. ಆದರೆ ಅಷ್ಟು ದೊಡ್ಡ ಜಲಾಶಯಕ್ಕೆ ಗುದ್ದಲಿ, ಬುಟ್ಟಿ ಸಾಲದು. ನೀರು ಹಿಡಿಯಲು ಕೊಪ್ಪಳ ಜಿಲ್ಲೆಯ ನವಲಿಯಲ್ಲಿ ಮತ್ತೊಂದು ಜಲಾಶಯ ಕಟ್ಟುವ ಸಲಹೆಯಿದೆ. ಅದಕ್ಕೆ ನೆರೆ ರಾಜ್ಯಗಳ ಒಪ್ಪಿಗೆಯೂ ಬೇಕು.

ನಾವೋ ಎರಡೂ ನಾಡಿನ ಅನ್ನ ಉಂಡವರು. ತೆಲುಗು ನೆರೆಯವರೊಡನೆ ನೀರಿನ ಪಾಲಿನ ಮಾತು ಬಂದಾಗ, ಹೂಳಿನ ಮಾತನ್ನೂ ಎತ್ತೋಣ. ಪಾತ್ರೆಯೇ ಕಿರಿದಾಗುತ್ತಿರುವಾಗ ಇಬ್ಬರ ಪಾಲೂ ಕಡಮೆಯೇ ಅಲ್ಲವೇ?