ಬೆಳ್ಳಿ ರೂಪಾಯಿ ಮಾರೋ ಮೊದಲು ಇಸವಿ ನೋಡ್ರಿ

ಬೆಳ್ಳಿ ದರ ಏರಿತೆಂದರೆ ಬೈಲಹೊಂಗಲ ಸುತ್ತಿನ ಹಳ್ಳಿಗಳಲ್ಲಿ ಹಳೇ ಟ್ರಂಕುಗಳ ಬಾಯಿ ತೆರೆಯುತ್ತದೆ. ದೀಪಾವಳಿಯ ಲಕ್ಷ್ಮೀ ಪೂಜೆಗೆ ಮಾತ್ರ ಹೊರಬರುತ್ತಿದ್ದ ಅಜ್ಜಿ ಕಾಲದ ಕಲ್ದಾರ ರೂಪಾಯಿ ಸೆರಗಿನ ಗಂಟಿನಲ್ಲಿ ಬಸ್ ಹತ್ತಿ ಪೇಟೆಗೆ ಬರುತ್ತದೆ. 2025ರಲ್ಲಿ ಬೆಳ್ಳಿ ಕಿಲೋಗೆ ಲಕ್ಷ ರೂಪಾಯಿ ದಾಟಿದ ಮೇಲೆ ಇದು ಸಹಜವೇ. ಮಾರುವವರು ಶೋಕಿಗೆ ಮಾರುವುದಿಲ್ಲ. ದವಾಖಾನೆ ಬಿಲ್ಲು, ಬಿತ್ತನೆ ಬೀಜ, ಮಕ್ಕಳ ಕಾಲೇಜು ಫೀ ಇರುತ್ತದೆ.

“ಏನ ಕೊಡ್ತೀರಿ ಸಾವಕಾರ್ರ?”

“ಹಳೇ ಬೆಳ್ಳಿ ಐತಿ ಯವ್ವಾ, ಕಸ ಭಾಳ. ಇಷ್ಟ ಬರ್ತೈತಿ ನೋಡು.”

ಇಷ್ಟರಲ್ಲಿ ವ್ಯವಹಾರ ಮುಗಿದುಹೋಗುತ್ತದೆ. ಆದರೆ ‘ಕಸ ಭಾಳ’ ಎಂಬ ಮಾತು ಎಲ್ಲ ರೂಪಾಯಿಗೂ ಸಲ್ಲುವುದಿಲ್ಲ. ಬ್ರಿಟಿಷರ ಕಾಲದ ರೂಪಾಯಿಯ ತೂಕ ಸರಿಯಾಗಿ ಒಂದು ತೊಲಾ, ಅಂದರೆ 11.66 ಗ್ರಾಂ. ವಿಕ್ಟೋರಿಯಾ ರಾಣಿ, ಏಳನೇ ಎಡ್ವರ್ಡ್, ಐದನೇ ಜಾರ್ಜ್ ಇವರ ಮುಖವಿದ್ದ ರೂಪಾಯಿಯಲ್ಲಿ ನೂರಕ್ಕೆ 91.7 ಪಾಲು ಬೆಳ್ಳಿ. ಅಂದರೆ ಒಂದೊಂದರಲ್ಲಿ 10.69 ಗ್ರಾಂ ಅಪ್ಪಟ ಬೆಳ್ಳಿ. ಕಿಲೋಗೆ ಬರೀ ಲಕ್ಷ ಎಂದು ಹಿಡಿದರೂ 1,069 ರೂಪಾಯಿ ಆಯಿತು. ದರ ಅದಕ್ಕಿಂತ ಹೆಚ್ಚಿದ್ದರೆ ಅದೇ ಲೆಕ್ಕದಲ್ಲಿ ಏರಿಸಿಕೊಂಡರೆ ಸಾಕು.

ಕಸ ಇರುವುದು ಮುಂದಿನ ರೂಪಾಯಿಗಳಲ್ಲಿ. ಎರಡನೇ ಮಹಾಯುದ್ಧದಲ್ಲಿ ಬೆಳ್ಳಿಗೆ ಬರ ಬಂದು, 1940ರಿಂದ 1945ರವರೆಗಿನ ಆರನೇ ಜಾರ್ಜ್ ರೂಪಾಯಿಯಲ್ಲಿ ಸರಕಾರವೇ ಅರ್ಧಕ್ಕರ್ಧ ಬೆಳ್ಳಿ ಕಡಿಮೆ ಮಾಡಿತು. ತೂಕ ಮಾತ್ರ ಅದೇ ಒಂದು ತೊಲಾ. ತಕ್ಕಡಿಗೆ ಭೇದ ಗೊತ್ತಾಗುವುದಿಲ್ಲ, ಇಸವಿಯೇ ಹೇಳಬೇಕು. 1947ರ ಹುಲಿ ಚಿತ್ರದ ರೂಪಾಯಿಯಲ್ಲಂತೂ ಬೆಳ್ಳಿಯೇ ಇಲ್ಲ, ಅದು ನಿಕ್ಕಲ್. ಮಕ್ಕಳಾಡುವ ಅಯಸ್ಕಾಂತ ಹಿಡಿದರೆ ಪಟ್ಟನೆ ಅಂಟುತ್ತದೆ.

ಸ್ವಾತಂತ್ರ್ಯದ ನಂತರದ ಸ್ಮಾರಕ ನಾಣ್ಯಗಳಲ್ಲೂ ಇದೇ ಗೊಂದಲ. ಗಾಂಧೀ ಶತಮಾನೋತ್ಸವಕ್ಕೆ 1969ರಲ್ಲಿ ಬಂದ ಹತ್ತು ರೂಪಾಯಿ ನಾಣ್ಯ 15 ಗ್ರಾಂ, ನೂರಕ್ಕೆ 80 ಬೆಳ್ಳಿ, ಅಂದರೆ 12 ಗ್ರಾಂ. ಅದೇ ಗಾಂಧೀ ಮುಖದ ಒಂದು ರೂಪಾಯಿ, ಎಂಟಾಣೆ ನಿಕ್ಕಲ್. ಸ್ವಾತಂತ್ರ್ಯದ ಬೆಳ್ಳಿ ಹಬ್ಬಕ್ಕೆಂದು 1972ರಲ್ಲಿ ತಂದ ಹತ್ತು ರೂಪಾಯಿ ಗಾತ್ರದಲ್ಲಿ ದೊಡ್ಡದು, 22.5 ಗ್ರಾಂ. ಬೆಳ್ಳಿ ಮಾತ್ರ ಅರ್ಧ. ಹೆಸರು ಬೆಳ್ಳಿ ಹಬ್ಬ, ನಾಣ್ಯದಲ್ಲಿ ಬೆಳ್ಳಿಗೆ ಬರ!

ಇದು ಕರಗಿಸುವ ಬೆಲೆಯಾಯಿತು. ಸಂಗ್ರಾಹಕರ ಬೆಲೆ ಬೇರೆ. 1911ರ ಐದನೇ ಜಾರ್ಜ್ ರೂಪಾಯಿಯಲ್ಲಿ ದೊರೆಯ ನಿಲುವಂಗಿಯ ಮೇಲಿನ ಆನೆ ಹಂದಿಯಂತೆ ಕಾಣುತ್ತದೆಂದು ಗದ್ದಲವೆದ್ದು, ಸರಕಾರ ಅದನ್ನು ಹಿಂದಕ್ಕೆ ಪಡೆಯಬೇಕಾಯಿತು. ಹಾಗಾಗಿ ಅದಕ್ಕೆ ಬೆಳ್ಳಿಯ ಮೇಲೆ ಮತ್ತಷ್ಟು ಬೆಲೆ. 1939ರ ರೂಪಾಯಿ ಅದಕ್ಕಿಂತ ಅಪರೂಪ. ಇಂಥವನ್ನು ಕುಲುಮೆಗೆ ಹಾಕುವುದೆಂದರೆ ಬಿತ್ತೋ ಜೋಳ ಕುಟ್ಟಿ ರೊಟ್ಟಿ ಮಾಡಿದಂತೆ. ಆದರೆ ಕೊರಳ ಸರಕ್ಕೆಂದು ಕೊಂಡಿ ಬೆಸೆದ, ಹುಣಸೇಹಣ್ಣು ಹಚ್ಚಿ ಉಜ್ಜಿ ಅಕ್ಷರ ಸವೆದ ರೂಪಾಯಿಗೆ ಸಂಗ್ರಾಹಕ ಹೆಚ್ಚಿಗೆ ಕೊಡುವುದಿಲ್ಲ.

ನಾಣ್ಯದ ಜೊತೆಗೆ ಹಳೇ ಅಂಚೆ ಚೀಟಿಯ ಆಸೆಯೂ ಹುಟ್ಟಿದೆ. ಬೈಲಹೊಂಗಲದಲ್ಲೇ ಸಮಾಧಿಯಿರುವ ರಾಣಿ ಚೆನ್ನಮ್ಮನ ಹೆಸರಿನಲ್ಲಿ ಅಂಚೆ ಇಲಾಖೆ 23 ಅಕ್ಟೋಬರ್ 1977ರಂದು 25 ಪೈಸೆ ಚೀಟಿ ತಂದಿತು. 1824ರಲ್ಲಿ ಕಿತ್ತೂರು ಗೆದ್ದ ದಿನವೇ ಅದು. ಊರಿಗೆ ಅದು ಹೆಮ್ಮೆ, ಆದರೆ ಮಾರಲು ಹೋದವರಿಗೆ ಚಹಾದ ದುಡ್ಡು ಹುಟ್ಟಿದರೆ ಹೆಚ್ಚು. ಲಕ್ಷಗಟ್ಟಲೆ ಅಚ್ಚಾದದ್ದು ಅಪರೂಪ ಹೇಗಾದೀತು? 1948ರ ಹತ್ತು ರೂಪಾಯಿ ಗಾಂಧೀ ಚೀಟಿಗಳ ಒಂದು ಪಟ್ಟಿ 2017ರಲ್ಲಿ 5 ಲಕ್ಷ ಪೌಂಡಿಗೆ ಮಾರಾಟವಾದದ್ದು ನಿಜ. ಅದು ಗವರ್ನರ್ ಜನರಲ್ ಕಚೇರಿಗೆಂದು ‘ಸರ್ವಿಸ್’ ಮುದ್ರೆ ಹೊಡೆದದ್ದು, ಉಳಿದಿರುವುದು ಬೆರಳೆಣಿಕೆಯಷ್ಟು.

ಈ ಆಸೆಯ ಮೇಲೆಯೇ ಮೊಬೈಲ್ ಠಕ್ಕರು ಬದುಕುತ್ತಿದ್ದಾರೆ. ವೈಷ್ಣೋದೇವಿ ನಾಣ್ಯಕ್ಕೆ, ಟ್ರ್ಯಾಕ್ಟರ್ ಚಿತ್ರದ ಐದು ರೂಪಾಯಿ ನೋಟಿಗೆ ಲಕ್ಷಾಂತರ ಕೊಡುತ್ತೇವೆಂದು ನಂಬಿಸಿ, ಮೊದಲು ಕಮಿಷನ್ ಕಳಿಸಿರಿ, ತೆರಿಗೆ ಕಟ್ಟಿರಿ ಎನ್ನುತ್ತಾರೆ. ರಿಸರ್ವ್ ಬ್ಯಾಂಕ್ ಇಂಥ ವ್ಯವಹಾರ ಮಾಡುವುದಿಲ್ಲ, ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು ಆಗಸ್ಟ್ 2021ರಲ್ಲೇ ಪ್ರಕಟಣೆ ಹೊರಡಿಸಿದೆ. ಕೊಳ್ಳುವವನು ದುಡ್ಡು ಕೊಡಬೇಕೋ, ಕೇಳಬೇಕೋ?

ಪೇಟೆಯ ಸರಾಫರನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಕರಗಿಸುವಾಗ ಸವಕಳಿ ಇದೆ, ಖರ್ಚಿದೆ, ನ್ಯಾಯವಾದ ವಟಾವು ಹಿಡಿಯಲಿ. ಆದರೆ ಎಷ್ಟು ಹಿಡಿದರೆಂಬುದು ಮಾರುವವನಿಗೆ ಕಾಣಬೇಕು. ಗಿರಾಕಿಯ ಕಣ್ಣೆದುರೇ ತೂಗಿ, ಇಸವಿ, ತೂಕ, ದರ, ವಟಾವು ಬರೆದ ಚೀಟಿ ಕೊಡಲು ಎರಡು ನಿಮಿಷ ಸಾಕು. ಕಾನೂನು ಮಾಪನ ಇಲಾಖೆಯವರು ತಕ್ಕಡಿಯ ಮುದ್ರೆ ನೋಡಲು ಬಂದಾಗ ಹಳೇ ಬೆಳ್ಳಿ ಕೊಳ್ಳುವ ತಕ್ಕಡಿಯನ್ನೂ ನೋಡಲಿ. ಮಾರುವ ದರ ಬರೆಯುವ ಹಲಗೆಯ ಮೇಲೆ ಕೊಳ್ಳುವ ದರವನ್ನೂ ಬರೆಯಲು ಇನ್ನೊಂದು ತುಂಡು ಸೀಮೆಸುಣ್ಣ ಬೇಕು, ಅಷ್ಟೇ.