ಅರಳು ಮರಳು ಅಂತ ಬಿಟ್ಟು ಕುಂದ್ರಬ್ಯಾಡ್ರಿ

ನಮ್ಮವ್ವ ಇಳಕಲ್ಲಿನಾಕಿ. ಸೀರಿ ಒಡಲಿಗೆ ಸೆರಗು ಕೂಡಿಸೋ ಕೊಂಡಿ ಕೆಲಸದಾಗ ಆಕಿನ್ನ ಮೀರಿಸೋರು ನಮ್ಮ ಓಣ್ಯಾಗ ಇರಲಿಲ್ಲ. ಈಗ ಬಾಗಲಕೋಟಿಯೊಳಗ ನಮ್ಮ ಮನ್ಯಾಗ ಇರತಾಳ. ಚಾ ಕುಡಿದ ಹತ್ತ ನಿಮಿಷಕ್ಕ "ಚಾ ಕೊಡಲೇ ಇಲ್ಲಲ್ಲವಾ" ಅಂತಾಳ. ಬಂದವರು "ಅರವತ್ತಕ್ಕ ಅರಳು ಮರಳು, ಬಿಡ್ರಿ" ಅಂದು ಹೋಗತಾರ. ಡಾಕ್ಟರ್ ಮಾತ್ರ ಅಲ್ಝೈಮರ್ ಅಂದ್ರು.

ಹುನಗುಂದದ ಮಾವ ಮೊಬೈಲಿನಾಗ ಏನೋ ಓದಿ, "ಇದು ಮಿದುಳಿನ ಉರಿಯೂತಂತ, ಬಾವು ಇಳಿಸೋ ನೋವಿನ ಗುಳಿಗಿ ದಿನಾ ಕೊಡು" ಅಂದ. ಬಾದಾಮಿ ಚಿಗವ್ವ ಅರಿಷಿಣ ಹಾಲು ಕುಡಸು ಅಂದ್ಲು. ಇಬ್ಬರೂ ಪ್ರೀತಿಯಿಂದನ ಹೇಳಿದ್ರು. ಆದರೂ ಕೊಡೂಕಿಂತ ಮೊದಲು ನಾ ಒಂದೀಟು ಓದಿದೆ.

ಮಾವನ ಮಾತು ಅರ್ಧ ಖರೇನ ಐತ್ರಿ. ಮಿದುಳಿನಾಗ ಮೈಕ್ರೋಗ್ಲಿಯಾ ಅನ್ನೋ ಜೀವಕೋಶ ಅದಾವ. ಕಸ ಬಳಿಯೂದು, ಸೋಂಕು ತಡಿಯೂದು ಅವುಗಳ ಕೆಲಸ. ಈ ರೋಗದಾಗ ಅಮೈಲಾಯ್ಡ್ ಅನ್ನೋ ಪ್ರೋಟೀನು ಗಡ್ಡಿ ಕಟ್ಟತೈತಿ. ಮೊದಲು ಅವೇ ಮುತ್ತಿ ಅದನ್ನ ತೆಗಿತಾವ. ವರ್ಷಗಟ್ಟಲೆ ಕಸ ಮುಗಿಯದಿದ್ರ ಅವು ಕೆರಳಿ, ನರಕೋಶಗಳ ನಡುವಿನ ಕೊಂಡಿಗಳನ್ನೂ ಹಾಳು ಮಾಡತಾವ.

ಹಂಗಾರ ಗುಳಿಗಿ ಯಾಕ ಬ್ಯಾಡ? ಅಮೆರಿಕಾದಾಗ 70 ದಾಟಿದ ಸುಮಾರು 2,500 ಮಂದಿ ಸೇರಿದ್ದ ಒಂದು ಪರೀಕ್ಷೆಯೊಳಗ ನ್ಯಾಪ್ರೋಕ್ಸೆನ್, ಸೆಲೆಕಾಕ್ಸಿಬ್ ಕೊಟ್ಟು ನೋಡಿದ್ರು. ಹೃದಯಕ್ಕ ಅಪಾಯ ಆದೀತಂತ 2004ರಾಗ ಗುಳಿಗಿ ನಿಲ್ಲಿಸಿದ್ರು. ಮರೆವು ತಡೆದದ್ದೂ ಕಾಣಲಿಲ್ಲ. ವಯಸ್ಸಾದವರಿಗೆ ಇಂಥ ಗುಳಿಗಿ ದಿನಾ ಕೊಟ್ರ ಹೊಟ್ಟಿಯೊಳಗ ರಕ್ತಸ್ರಾವ ಆಗಬಹುದು, ಮೂತ್ರಪಿಂಡ ಕೆಡಬಹುದು. ಅರಿಷಿಣ ಪಲ್ಯದಾಗ ಇರಲಿ, ಅದನ್ನ ಔಷಧ ಅಂತ ನಂಬಬ್ಯಾಡ್ರಿ. ಕಾವಲುಗಾರ ಕೆರಳ್ಯಾನಂತ ಅವನ್ನ ಕಟ್ಟಿಹಾಕಿದ್ರ ಮನಿ ಕಾಯೋರ್ಯಾರು? ಅವನ್ನ ಸರಿದಾರಿಗೆ ತರೋ ಔಷಧ ವಿಜ್ಞಾನಿಗಳು ಹುಡುಕಾಕ ಹತ್ಯಾರ.

ಅಲ್ಲಿತನಕ ನಮ್ಮ ಕೈಯಾಗ ಏನೂ ಇಲ್ಲಂತಲ್ಲ. ಹೋದ ತಿಂಗಳ ಒಂದಿನ ಅವ್ವ ಒಮ್ಮೆಲೇ ನನ್ನ ಗುರುತೇ ಹಿಡೀಲಿಲ್ಲ. ರೋಗ ಬಲಿತು ಅಂತ ನಾ ಅತ್ತೆ. ಪರೀಕ್ಷೆ ಮಾಡಿಸಿದ್ರ ಮೂತ್ರದ ಸೋಂಕು! ಔಷಧಿ ಕೊಟ್ಟ ನಾಕೈದು ದಿನಕ್ಕ ನನ್ನ ಹೆಸರು ಹಿಡಿದು ಕರದ್ಲು. ಮೈಯಾಗ ಎಲ್ಲೇ ಸೋಂಕು ಇರಲಿ, ಅದರ ಕಾವು ಮಿದುಳಿಗೂ ತಟ್ಟತೈತ್ರಿ. ಅದಕ್ಕ ಹಿರೇರು ಒಮ್ಮೆಲೇ ಗೊಂದಲಾದ್ರ ಅದು ವಯಸ್ಸಲ್ಲ. ಅವತ್ತ ಡಾಕ್ಟರ್ ಹತ್ರ ಹೋಗ್ರಿ.

ಇನ್ನ ನಮ್ಮ ಮಾತು. 2024ರ ಲ್ಯಾನ್ಸೆಟ್ ಆಯೋಗದ ವರದಿ ಪ್ರಕಾರ ಬಿಪಿ, ಸಕ್ಕರಿ ಕಾಯಿಲೆ, ಕಿವಿಮಂದ, ಒಂಟಿತನ ಸೇರಿ 14 ಕಾರಣ ಸರಿಪಡಿಸಿದ್ರ ಮರೆವಿನ ರೋಗದ ನೂರಕ್ಕ ಸುಮಾರು 45 ಪ್ರಕರಣ ತಡೀಬಹುದು, ಇಲ್ಲಾ ಮುಂದೂಡಬಹುದು. ನೋವಿನ ಗುಳಿಗಿ ರೊಕ್ಕದಾಗ ಬಿಪಿ ತೋರಿಸಿಕೊಂಡು ಬರ್ರಿ. ಅವ್ವನ ಬಿಪಿ ನೋಡಿಸೋವಾಗ ನಾನೂ ನೋಡಿಸಿದೆ. ನಂದೂ ಹೆಚ್ಚಿತ್ರಿ.