ತಿಳಿದು ನಂಬುವುದೋ, ನಂಬಿ ತಿಳಿಯುವುದೋ?

ಟಿ. ದಾಸರಹಳ್ಳಿಯಲ್ಲಿ ಮನೆ, ಪಕ್ಕದ ಪೀಣ್ಯದಲ್ಲಿ ಲೇತ್ ಕೆಲಸ. ಇಂಥ ಬದುಕಿನಲ್ಲಿ ಎಲ್ಲಕ್ಕೂ ಅಳತೆಯಿದೆ. ವರ್ನಿಯರ್ ಹೇಳಿದ್ದೇ ಕೊನೆಯ ಮಾತು. ಅಳತೆ ತಪ್ಪಿದ ಪೀಸ್ ರಿಜೆಕ್ಟ್. ಅದೇ ಕಾರ್ಮಿಕ ಕಥೋಲಿಕನಾಗಿದ್ದರೆ ಭಾನುವಾರ ಬಲಿಪೂಜೆಗೆ ಹೋಗುತ್ತಾನೆ. ಗುರುಗಳು ಎತ್ತಿಹಿಡಿದ ತೆಳು ರೊಟ್ಟಿಯನ್ನು ಕ್ರಿಸ್ತನ ಶರೀರವೆಂದು ನಂಬಿ ‘ಆಮೆನ್’ ಅನ್ನುತ್ತಾನೆ. ಹಾಗಾದರೆ ಅವನು ವಾರಕ್ಕೊಮ್ಮೆ ಬುದ್ಧಿಯನ್ನು ಚರ್ಚಿನ ಹೊರಗೆ ಬಿಟ್ಟು ಹೋಗುತ್ತಾನೆಯೇ?

ಇಲ್ಲ. ಅವನು ನಂಬುವುದು ಒಂದು ರಹಸ್ಯವನ್ನು; ಕ್ರೈಸ್ತ ಪರಂಪರೆಯಲ್ಲಿ ರಹಸ್ಯವೆಂದರೆ ಒಳಹೊಕ್ಕಷ್ಟೂ ತಿಳಿಯುತ್ತಾ ಹೋಗುವ, ಆದರೂ ಮುಗಿಯದ ಸತ್ಯ. ತರ್ಕದಲ್ಲಿ ಥಾಮಸ್ ಅಕ್ವಿನಾಸನನ್ನು ಮೀರಿಸಿದ ಕ್ರೈಸ್ತ ಚಿಂತಕರು ವಿರಳ. 1273ರ ಡಿಸೆಂಬರಿನಲ್ಲಿ, ಪೂಜೆಯ ವೇಳೆ ಆದ ಅನುಭವದ ನಂತರ ಆತ ತನ್ನ ಮಹಾಗ್ರಂಥ ‘ಸುಮ್ಮಾ ಥಿಯಾಲಜಿಯೇ’ಯನ್ನು ಅರ್ಧಕ್ಕೇ ನಿಲ್ಲಿಸಿದನೆಂದು ಅವನ ಚರಿತ್ರಕಾರರು ಹೇಳುತ್ತಾರೆ. ಬರೆದದ್ದು ಸುಳ್ಳಾಗಲಿಲ್ಲ, ಕಂಡದ್ದರ ಮುಂದೆ ಸಾಲದಾಯಿತು.

ಕರ್ನಾಟಕದಲ್ಲಿ ತರ್ಕಕ್ಕೂ ಅನುಭವಕ್ಕೂ ಜಾಗ ಕೊಡುವ ಈ ವಿಚಾರವನ್ನು ಬದುಕಿ ತೋರಿಸಿದವರು ಫಾದರ್ ಡಿ. ಎಸ್. ಅಮಲೋರ್ಪವದಾಸ್. ಎರಡನೇ ವ್ಯಾಟಿಕನ್ ಮಹಾಸಭೆಯ (1962–65) ಬೆನ್ನಿಗೇ ಅವರು ಬೆಂಗಳೂರಿನಲ್ಲಿ ಬೈಬಲ್, ಧರ್ಮೋಪದೇಶ ಮತ್ತು ಆರಾಧನೆಯ ರಾಷ್ಟ್ರೀಯ ಕೇಂದ್ರವನ್ನು ಕಟ್ಟಿದರು. ಭಾರತದ ಪೂಜಾವಿಧಿಗಾಗಿ 1969ರಲ್ಲಿ ರೋಮ್ ಒಪ್ಪಿದ 12 ಅಂಶಗಳನ್ನು ಆಚರಣೆಗೆ ತಂದವರಲ್ಲಿ ಅವರೇ ಮುಂಚೂಣಿಯಲ್ಲಿದ್ದರು: ನೆಲದ ಮೇಲೆ ಕೂರುವುದು, ಚಪ್ಪಲಿ ಕಳಚುವುದು, ಎಣ್ಣೆದೀಪ, ಆರತಿ, ಪಂಚಾಂಗ ಪ್ರಣಾಮ. ಮೈ ಬಾಗಿದ ಮೇಲೆ ಮನಸ್ಸೂ ಬಾಗೀತೆಂಬ ಭರವಸೆ ಇದರ ಹಿಂದಿತ್ತು. ಮುಂದೆ ಮೈಸೂರು ವಿಶ್ವವಿದ್ಯಾಲಯದಲ್ಲಿ ಕ್ರೈಸ್ತಧರ್ಮದ ಪ್ರಾಧ್ಯಾಪಕರಾದರು. ಅದೇ ಊರಿನಲ್ಲಿ ಅಂಜಲಿ ಆಶ್ರಮವನ್ನೂ ಸ್ಥಾಪಿಸಿದರು. ತರಗತಿಯ ವಾದ, ಆಶ್ರಮದ ಧ್ಯಾನ ಎರಡೂ ಅವರಿಗೆ ಬೇಕಾಗಿದ್ದವು.

ಈ ಪೂಜಾಕ್ರಮಕ್ಕೆ ಆಕ್ಷೇಪಗಳೂ ಬಂದವು. ಇದು ಮೇಲ್ಜಾತಿಯ ಆಚಾರಗಳನ್ನು ಚರ್ಚಿನೊಳಕ್ಕೆ ತರುವುದಲ್ಲವೇ ಎಂದು ದಲಿತ ಕ್ರೈಸ್ತ ಚಿಂತಕರು ಕೇಳಿದರು. ಈ ಪ್ರಶ್ನೆ ನ್ಯಾಯವಾದದ್ದೇ. ಗುಡಿಯ ಹೊಸ್ತಿಲು ದಾಟಲು ಅವಕಾಶ ಸಿಗದ ಸಮುದಾಯಕ್ಕೆ ಆರತಿಯ ತಟ್ಟೆ ಬೇರೆಯದನ್ನೇ ನೆನಪಿಸಬಹುದು. ಯಾರ ಅನುಭವ ಎಂದು ಕೇಳದೆ ಅನುಭವವನ್ನು ಹಾಡಿ ಹೊಗಳಲಾಗದು.

ಅನುಭವ ಮೋಸ ಮಾಡುವುದೂ ಉಂಟು. ಆವೇಶವನ್ನೇ ದೇವರೆಂದುಕೊಂಡವರು ಎಲ್ಲ ಧರ್ಮಗಳಲ್ಲೂ ಇದ್ದಾರೆ. ಕೊರಿಂಥದ ಸಭೆಗೆ ಬರೆದ ಪತ್ರದಲ್ಲಿ ಪೌಲನು ಅನ್ಯಭಾಷೆ, ಪ್ರವಾದನೆಗಳಿಗಿಂತ ಪ್ರೀತಿಯನ್ನೇ ಮೇಲಿಟ್ಟ. ದರ್ಶನಗಳನ್ನು ಕಂಡ ಆವಿಲಾದ ತೆರೇಸಾ ಕೂಡ (1515–1582) ನೆರೆಯವರ ಮೇಲಿನ ಪ್ರೀತಿಯನ್ನೇ ಒರೆಗಲ್ಲಾಗಿಸಿದಳು. ಅಳತೆಗೆ ಸಿಗದ ಅನುಭವವನ್ನೂ ಹೀಗೆ ಪರೀಕ್ಷಿಸಬಹುದು: ಪೂಜೆಯಿಂದ ಬಂದವನು ಸೋಮವಾರ ಪಕ್ಕದ ಮೆಷಿನ್ನಿನ ಹೊಸ ಹುಡುಗನೊಂದಿಗೆ ಹೇಗೆ ನಡೆದುಕೊಳ್ಳುತ್ತಾನೆ?

ಅನುಭವ ಒಳಗಿಳಿಯಲು ಮೌನ ಬೇಕು. ಆದ್ದರಿಂದ ಚರ್ಚುಗಳು ಉಪದೇಶದಷ್ಟೇ ಮೌನಕ್ಕೂ ವೇಳೆ ಕೊಡಬೇಕು. ಪರಮಪ್ರಸಾದ ಸ್ವೀಕರಿಸಿ ಕೂತವರು ಕಣ್ಣುಮುಚ್ಚುವಷ್ಟರಲ್ಲಿ ಪ್ರಕಟಣೆಗಳು ಶುರುವಾಗುವುದುಂಟು. ವಾರವಿಡೀ ಮೆಷಿನ್ ಸದ್ದಿನಲ್ಲಿ ದುಡಿದವರಿಗೆ ಅಲ್ಲಿ ಐದು ನಿಮಿಷ ಕೊಟ್ಟರೆ, ಪ್ರಕಟಣೆಗಳು ಕಾಯಬಲ್ಲವು.